ಮೂರು ಡಾಲರಿಗೆ ಎಷ್ಟು ರೂಪಾಯಿ?

ಬ್ರಿಟಿಷ್ ಇಂಡಿಯಾದ ಪ್ರಜೆಯೊಬ್ಬನ ವರ್ಷದ ಸರಾಸರಿ ಆದಾಯ ಎಷ್ಟು ಎಂಬ ಲೆಕ್ಕವನ್ನು ದಾದಾಭಾಯಿ ನವರೋಜಿ 1870ರ ದಶಕದಲ್ಲಿ ಹಾಕಿದರು. ಪ್ರಾಂತ್ಯವಾರು ಸಾಗುವಳಿ ಜಮೀನು, ಎಕರೆಗೆ ಬರುವ ಫಸಲು, ಪೇಟೆಯ ಧಾರಣೆ ಎಲ್ಲವನ್ನೂ ಅವರು ಹೆಕ್ಕಿದ್ದು ಸರ್ಕಾರದ್ದೇ ವರದಿಗಳಿಂದ. ಬಂದ ಉತ್ತರ 20 ರೂಪಾಯಿ. ಅಂದಿನ ಲೆಕ್ಕದಲ್ಲಿ ನಲವತ್ತು ಷಿಲಿಂಗ್.

ಲಂಡನ್ನಿನ ಓದುಗನೊಬ್ಬ ಇದಕ್ಕೆ ಸುಲಭವಾಗಿ ತಕರಾರು ತೆಗೆಯಬಹುದಿತ್ತು. ನಲವತ್ತು ಷಿಲಿಂಗಿಗೆ ಇಂಗ್ಲೆಂಡಿನಲ್ಲಿ ಬದುಕಲಾಗದು ನಿಜ, ಆದರೆ ಭಾರತದಲ್ಲಿ ಧಾನ್ಯ ಅಗ್ಗ, ಚಳಿಗೆ ಕಲ್ಲಿದ್ದಲು ಬೇಡ, ದಪ್ಪ ಕೋಟು ಬೇಡ, ಅಲ್ಲಿನವರಿಗೆ ಅಷ್ಟು ಸಾಕು ಅಂತ. ನವರೋಜಿ ತಮ್ಮ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಟ್ಟಿದ್ದರು. ಸರ್ಕಾರ ತನ್ನ ಜೈಲುಗಳಲ್ಲಿ ಒಬ್ಬ ಕೈದಿಯ ಊಟ ಬಟ್ಟೆಗೆ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತದೆ? ಅದು 20 ರೂಪಾಯಿ ಮೀರುತ್ತಿತ್ತು. ಹಡಗು ಹತ್ತಿ ದೂರದ ದ್ವೀಪಗಳ ಕಬ್ಬಿನ ತೋಟಕ್ಕೆ ಹೋಗುವ ಕೂಲಿಗಳಿಗೆ ಸರ್ಕಾರಿ ವೈದ್ಯಾಧಿಕಾರಿ ನಿಗದಿ ಮಾಡಿದ ಪಡಿಯನ್ನೂ ಅವರು ಬೆಲೆ ಕಟ್ಟಿ ತೋರಿಸಿದರು. ಕಳ್ಳತನ ಮಾಡಿ ಒಳಗೆ ಹೋದವನಿಗೆ ಸಿಗುವಷ್ಟು ಅನ್ನ ಹೊರಗೆ ದುಡಿಯುವವನ ಪಾಲಿಗಿಲ್ಲ ಎಂಬುದು ಹೀಗೆ ಸರ್ಕಾರದ ಕಡತಗಳಿಂದಲೇ ಸಾಬೀತಾಯಿತು.

ಅರ್ಥಶಾಸ್ತ್ರಜ್ಞರು ಇವತ್ತು ‘ಬಾಸ್ಕೆಟ್’ ಎಂದು ಕರೆಯುವುದು ಇಂಥ ಊಟ ಬಟ್ಟೆಯ ಪಟ್ಟಿಯನ್ನೇ. ಹಣವನ್ನು ಹಣದೊಂದಿಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಆ ಹಣಕ್ಕೆ ಆ ಊರಿನಲ್ಲಿ ಏನೇನು ಬರುತ್ತದೆ ಎಂದು ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಏನಿರಬೇಕು ಎಂಬುದನ್ನು ಯಾರೋ ಒಬ್ಬರು ಆಯ್ಕೆ ಮಾಡಬೇಕು. ಜಗಳವೆಲ್ಲ ಹುಟ್ಟುವುದು ಆ ಆಯ್ಕೆಯಲ್ಲಿ.

ನವರೋಜಿಯವರ ನಂತರ ಈ ಲೆಕ್ಕ ರಾಜಕೀಯದ ಕುಸ್ತಿ ಕಣವಾಯಿತು. 1901ರ ಹೊತ್ತಿಗೆ ವೈಸ್‌ರಾಯ್ ಕರ್ಜನ್ ತಲಾದಾಯ 30 ರೂಪಾಯಿ ಎಂದರೆ, ವಿಲಿಯಂ ಡಿಗ್ಬಿ ಅದಕ್ಕಿಂತ ಎಷ್ಟೋ ಕಡಿಮೆ ಎಂದು ದಪ್ಪ ಪುಸ್ತಕವನ್ನೇ ಬರೆದರು. ಇದನ್ನು ಶಾಸ್ತ್ರದ ಹದಕ್ಕೆ ತಂದವರು ವಿ.ಕೆ.ಆರ್.ವಿ. ರಾವ್. ಕೇಂಬ್ರಿಜ್‌ನಲ್ಲಿ ಓದಿ, 1931-32ರ ಸಾಲಿಗೆ ಬ್ರಿಟಿಷ್ ಇಂಡಿಯಾದ ತಲಾದಾಯ ಸುಮಾರು 62 ರೂಪಾಯಿ ಎಂದು ಅಂದಾಜಿಸಿದರು. ಬೆಳೆ, ಜಾನುವಾರಿಗೆ ಉತ್ಪನ್ನದ ಲೆಕ್ಕ, ನೌಕರಿ, ವ್ಯಾಪಾರಗಳಿಗೆ ಗಳಿಕೆಯ ಲೆಕ್ಕ, ಹೀಗೆ ಎರಡು ವಿಧಾನಗಳನ್ನು ಜೋಡಿಸಿದ್ದು ಅವರ ಹೆಚ್ಚುಗಾರಿಕೆ. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದು, 1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆ ಕಟ್ಟಿದವರೂ ಇವರೇ.

ಒಂದು ದೇಶದೊಳಗಿನ ಲೆಕ್ಕವೇ ಇಷ್ಟು ಕಗ್ಗಂಟಾದರೆ ಎರಡು ದೇಶಗಳನ್ನು ಹೋಲಿಸುವುದು ಹೇಗೆ? ನಮ್ಮಲ್ಲಿ ಬಹುಮಂದಿ ಅನುಸರಿಸುವ ವಿಧಾನ ಸರಳ. ಪರದೇಶದಲ್ಲಿರುವ ಸೋದರಳಿಯನ ಸಂಬಳ ಕೇಳಿದ ಕೂಡಲೇ ಅವತ್ತಿನ ಡಾಲರ್ ದರದಿಂದ ಗುಣಿಸಿ ಬೆರಗಾಗುವುದು. ಅವನ ಹೆಂಡತಿ ಪಾತ್ರೆ ತೊಳೆಯುವುದು, ಅವನು ಬಾತ್‌ರೂಮು ಉಜ್ಜುವುದು, ಮಗುವನ್ನು ಡೇಕೇರಿಗೆ ಬಿಡಲು ಸಂಬಳದ ದೊಡ್ಡ ಪಾಲು ಹೋಗುವುದು ಈ ಗುಣಾಕಾರದಲ್ಲಿ ಬರುವುದಿಲ್ಲ. ಬೆಂಗಳೂರಿನಲ್ಲಿ ಅದೇ ದಂಪತಿಗೆ ಅಡುಗೆಯವರು, ಮನೆಗೆಲಸದವರು, ಇಸ್ತ್ರಿಯವರು ಎಲ್ಲ ಇದ್ದರು.

ಈ ಸೇವೆಗಳು ಅಲ್ಲಿ ದುಬಾರಿ, ಇಲ್ಲಿ ಅಗ್ಗ ಆಗಿರುವುದರ ಕಾರಣವನ್ನು ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ 1964ರಲ್ಲಿ ಬೇರೆ ಬೇರೆಯಾಗಿ ವಿವರಿಸಿದರು. ಮನೆ ಗುಡಿಸುವವರ ಕೆಲಸದ ವೇಗ ಜಯನಗರದಲ್ಲೂ ನ್ಯೂಜೆರ್ಸಿಯಲ್ಲೂ ಹೆಚ್ಚು ಕಡಿಮೆ ಒಂದೇ. ಕಾರ್ಖಾನೆಯ ಕೆಲಸದಲ್ಲಿ ಹಾಗಲ್ಲ. ನ್ಯೂಜೆರ್ಸಿಯಲ್ಲಿ ಯಂತ್ರ, ರಸ್ತೆ, ವಿದ್ಯುತ್ತು, ವ್ಯವಸ್ಥೆ ಎಲ್ಲ ಸೇರಿ ಒಬ್ಬನ ಉತ್ಪನ್ನ ಹಲವು ಪಟ್ಟು. ಕಾರ್ಖಾನೆಯ ಕೂಲಿ ಏರಿದಾಗ ಗುಡಿಸುವವರಿಗೂ ಅಷ್ಟೇ ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಯಾರೂ ಬರುವುದಿಲ್ಲ. ಹಾಗಾಗಿ ಸಿರಿವಂತ ದೇಶದಲ್ಲಿ ಸೇವೆಗಳೆಲ್ಲ ದುಬಾರಿ. ಡಾಲರ್ ದರ ಮಾತ್ರ ಗಡಿ ದಾಟುವ ಸರಕು, ಬಂಡವಾಳಗಳ ವ್ಯವಹಾರದಲ್ಲಿ ನಿಗದಿಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯವನಿಗೆ ಅದರಲ್ಲಿ ಪಾತ್ರವೇ ಇಲ್ಲ.

ಹಾಗಾದರೆ ಸರಿಯಾದ ದರ ಯಾವುದು? ಒಂದು ಕಾಲ್ಪನಿಕ ಲೆಕ್ಕ ಮಾಡೋಣ, ಕಾಗದ ಪೆನ್ನು ಹಿಡಿದರೆ ಒಳ್ಳೆಯದು. ಜಗತ್ತಿನಲ್ಲಿ ಕೊಳ್ಳಲು ಇರುವುದು ಎರಡೇ, ಮೊಬೈಲ್ ಫೋನು ಮತ್ತು ಮನೆಗೆಲಸದ ಗಂಟೆ. ಸಿರಿವಂತ ದೇಶದಲ್ಲಿ ಫೋನಿಗೆ 500 ಡಾಲರ್, ಮನೆಗೆಲಸಕ್ಕೆ ಗಂಟೆಗೆ 25 ಡಾಲರ್. ಅಲ್ಲಿನವನೊಬ್ಬ ವರ್ಷಕ್ಕೆ ಒಂದು ಫೋನು, 10 ಗಂಟೆ ಕೆಲಸ ಕೊಳ್ಳುತ್ತಾನೆ. ಒಟ್ಟು 750 ಡಾಲರ್. ನಮ್ಮ ಕಡೆ ಅದೇ ಫೋನು 40,000 ರೂಪಾಯಿ, ಮನೆಗೆಲಸ ಗಂಟೆಗೆ 100 ರೂಪಾಯಿ. ನಮ್ಮವನು ಎರಡು ವರ್ಷಕ್ಕೊಂದು ಫೋನು, ಅಂದರೆ ವರ್ಷಕ್ಕೆ ಅರ್ಧ ಫೋನು, ಜೊತೆಗೆ 40 ಗಂಟೆ ಕೆಲಸ ಕೊಳ್ಳುತ್ತಾನೆ. ಒಟ್ಟು 24,000 ರೂಪಾಯಿ.

ವಿನಿಮಯ ದರ 80 ರೂಪಾಯಿ ಎಂದಿಟ್ಟುಕೊಂಡರೆ ನಮ್ಮವನದು 300 ಡಾಲರ್, ಅಂದರೆ ಅವನ ಶೇ 40ರಷ್ಟು. ಈಗ ಇಬ್ಬರ ಖರೀದಿಗೂ ಸಿರಿವಂತ ದೇಶದ ಬೆಲೆ ಹಚ್ಚಿ. ನಮ್ಮವನ ಅರ್ಧ ಫೋನಿಗೆ 250, ನಲವತ್ತು ಗಂಟೆಗೆ 1,000, ಒಟ್ಟು 1,250 ಡಾಲರ್. ಅವನ 750ಕ್ಕಿಂತ ನಮ್ಮವನೇ ಸಿರಿವಂತ! ಇನ್ನು ಇಬ್ಬರಿಗೂ ನಮ್ಮ ಬೆಲೆ ಹಚ್ಚಿ. ಅವನದು 41,000 ರೂಪಾಯಿ, ನಮ್ಮವನದು 24,000. ನಮ್ಮವನು ಮತ್ತೆ ಬಡವ, ಅವನ ಶೇ 59ರಷ್ಟು.

ಯಾರೂ ಒಂದು ಪೈಸೆಯ ಸುಳ್ಳು ಹೇಳಿಲ್ಲ. ಸರಕು ಅಷ್ಟೇ, ಬೆಲೆ ಅಷ್ಟೇ. ಬಡ ದೇಶದವರು ತಮ್ಮಲ್ಲಿ ಅಗ್ಗವಾದದ್ದನ್ನು ಹೆಚ್ಚು ಬಳಸುತ್ತಾರೆ, ಅದು ಅತ್ತ ದುಬಾರಿ. ಆದ್ದರಿಂದ ಯಾರ ಬೆಲೆ ಹಚ್ಚುತ್ತೀರೋ ಅವರ ಎದುರಿನವರು ಸಿರಿವಂತರಾಗಿ ಕಾಣುತ್ತಾರೆ. ಇರ್ವಿಂಗ್ ಫಿಷರ್ ಎಂಬ ಅರ್ಥಶಾಸ್ತ್ರಜ್ಞನ ಹೆಸರಿನಲ್ಲಿ ಒಂದು ರಾಜಿಸೂತ್ರವಿದೆ. ಎರಡೂ ಉತ್ತರಗಳನ್ನು ಗುಣಿಸಿ ವರ್ಗಮೂಲ ತೆಗೆಯುವುದು. ಇಲ್ಲಿ ಅದು 0.99 ಆಗುತ್ತದೆ. ಅಂದರೆ ಇಬ್ಬರೂ ಸರಿಸಮ. ವಿಶ್ವಬ್ಯಾಂಕ್ ಇವತ್ತು ಬಳಸುವ ವಿಧಾನ ಇದೇ ರಾಜಿಸೂತ್ರವನ್ನು ನೂರೆಪ್ಪತ್ತಕ್ಕೂ ಹೆಚ್ಚು ದೇಶಗಳ ನಡುವೆ ಹಬ್ಬಿಸಿದ್ದು. ಶೇ 40, ಶೇ 59, ಶೇ 99, ಶೇ 167 ಎಂಬ ನಾಲ್ಕು ಉತ್ತರಗಳಲ್ಲಿ ‘ನಿಜವಾದದ್ದು’ ಯಾವುದು ಎಂದು ನನ್ನನ್ನು ಕೇಳಿದರೆ, ಯಾವ ಕೆಲಸಕ್ಕೆ ಬೇಕು ಎಂದು ತಿರುಗಿ ಕೇಳುತ್ತೇನೆ. ಮಂಗಳೂರಿನ ರಿಫೈನರಿಗೆ ಬರುವ ಕಚ್ಚಾ ತೈಲದ ಹಡಗಿಗೆ ರಾಜಿಸೂತ್ರದ ಡಾಲರ್ ನಡೆಯುವುದಿಲ್ಲ, ಅಲ್ಲಿ ಪೇಟೆಯ ದರವೇ ದರ. ಯಾರ ತಟ್ಟೆಯಲ್ಲಿ ಎಷ್ಟಿದೆ ಎಂಬ ಪ್ರಶ್ನೆಗೆ ಪೇಟೆಯ ದರ ಸುಳ್ಳು ಹೇಳುತ್ತದೆ.

ಈ ರಾಜಿದರವನ್ನು ಕೊಳ್ಳುವ ಶಕ್ತಿಯ ಸಮತೆ, ಚಿಕ್ಕದಾಗಿ ಪಿಪಿಪಿ, ಎನ್ನುತ್ತಾರೆ. ಇದನ್ನು ನಿಜವಾಗಿ ಅಳೆಯುವ ಕೆಲಸ 1968ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇರ್ವಿಂಗ್ ಕ್ರಾವಿಸ್, ಅಲನ್ ಹೆಸ್ಟನ್, ರಾಬರ್ಟ್ ಸಮ್ಮರ್ಸ್ ಅವರ ತಂಡ ಮತ್ತು ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗದ ಜಂಟಿ ಯತ್ನವಾಗಿ ಶುರುವಾಯಿತು. 1970ನ್ನು ಆಧಾರ ವರ್ಷವಾಗಿಟ್ಟುಕೊಂಡ ಮೊದಲ ಸುತ್ತಿನಲ್ಲಿ ಹತ್ತೇ ದೇಶಗಳು. ಅದರಲ್ಲಿ ಭಾರತವೂ ಇತ್ತು, ಕೀನ್ಯಾವೂ ಇತ್ತು. 2021ನ್ನು ಆಧಾರವಾಗಿಟ್ಟು 2024ರಲ್ಲಿ ಪ್ರಕಟವಾದ ಸುತ್ತಿನಲ್ಲಿ 176 ಅರ್ಥವ್ಯವಸ್ಥೆಗಳು.

ಬೆಲೆ ಬರೆದುಕೊಳ್ಳಲು ಅಂಗಡಿಗೆ ಹೋಗುವ ನೌಕರನ ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಾಳೆಯಲ್ಲಿ ‘ಅಕ್ಕಿ’ ಎಂದಿದ್ದರೆ ಸಾಲದು. ಉದ್ದ ಕಾಳೋ ಮಧ್ಯಮ ಕಾಳೋ, ಬಿಳಿಯದೋ ಕುಚ್ಚಲಕ್ಕಿಯೋ, ಪ್ಯಾಕೆಟ್ಟೋ ಮೂಟೆಯಿಂದ ತೂಗಿದ್ದೋ, ಎಷ್ಟು ಕಿಲೋ, ಎಂಥ ಅಂಗಡಿ ಎಲ್ಲವೂ ಎರಡೂ ದೇಶಗಳಲ್ಲಿ ತಾಳೆಯಾಗಬೇಕು. ಸೋನಾ ಮಸೂರಿಯನ್ನು ಥಾಯ್ಲೆಂಡಿನ ಮಲ್ಲಿಗೆ ಅಕ್ಕಿಯ ಜೊತೆ ಕೂರಿಸಿದರೆ ಗುಣಮಟ್ಟದ ವ್ಯತ್ಯಾಸ ಬೆಲೆಯ ವ್ಯತ್ಯಾಸವಾಗಿ ತಪ್ಪಾಗಿ ದಾಖಲಾಗುತ್ತದೆ. ಹಾಗೆಂದು ಒಂದೇ ಬ್ರ್ಯಾಂಡಿನ ಕಾರ್ನ್‌ಫ್ಲೇಕ್ಸ್ ಆರಿಸಿದರೆ ಹೋಲಿಕೆಯೇನೋ ಕರಾರುವಾಕ್ಕು, ಆದರೆ ಮಂಡ್ಯದ ಹಳ್ಳಿಯಲ್ಲಿ ಬೆಳಿಗ್ಗೆ ಎದ್ದು ಅದನ್ನು ತಿನ್ನುವವರು ಯಾರು? ಆ ಪೊಟ್ಟಣ ಸಿಗುವುದು ಪಟ್ಟಣದ ದೊಡ್ಡ ಅಂಗಡಿಯಲ್ಲಿ, ದೊಡ್ಡ ಬೆಲೆಗೆ.

ಇಥಿಯೋಪಿಯಾದವರಿಗೆ ಟೆಫ್ ಎಂಬ ಸಣ್ಣ ಕಾಳು ದಿನನಿತ್ಯದ ಅನ್ನ. ಬೇರೆ ಬಹುತೇಕ ದೇಶಗಳಲ್ಲಿ ಅದನ್ನು ಹೀಗೆ ತಿನ್ನುವವರಿಲ್ಲ. ಪಟ್ಟಿಗೆ ಸೇರಿಸಿದರೆ ಹೋಲಿಸಲು ಎದುರು ಬೆಲೆಯಿಲ್ಲ, ಬಿಟ್ಟರೆ ಇಥಿಯೋಪಿಯಾದ ಅಡುಗೆಮನೆಯೇ ಪಟ್ಟಿಯಿಂದ ಹೊರಗೆ. ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾದ ಆಂಗಸ್ ಡೀಟನ್ ಹೆಸ್ಟನ್ ಜೊತೆ ಸೇರಿ ಎತ್ತಿ ತೋರಿದ ತೊಡಕಿದು. ನಮ್ಮ ರಾಗಿಗೂ ಇದೇ ಗತಿ. ಕರಾರುವಾಕ್ಕಾದ ಹೋಲಿಕೆ ಬೇಕೆಂದರೆ ಜನ ತಿನ್ನದ್ದನ್ನು ಅಳೆಯಬೇಕು, ಜನ ತಿನ್ನುವುದನ್ನು ಅಳೆಯಬೇಕೆಂದರೆ ಹೋಲಿಕೆ ಸಡಿಲವಾಗುತ್ತದೆ. ಇದನ್ನು ಬಿಡಿಸುವ ಗಣಿತ ಇನ್ನೂ ಯಾರ ಬಳಿಯೂ ಇಲ್ಲ.

2005ರ ಸುತ್ತಿನಲ್ಲಿ ಈ ಸಡಿಲು ಜಗಜ್ಜಾಹೀರಾಯಿತು. ಚೀನಾ ಮೊದಲ ಬಾರಿಗೆ ಪೂರ್ಣವಾಗಿ ಪಾಲ್ಗೊಂಡಿತ್ತು, ಬೆಲೆ ಸಂಗ್ರಹಿಸಿದ್ದು ಹನ್ನೊಂದು ನಗರ ಪ್ರದೇಶಗಳಲ್ಲಿ. ಭಾರತ 1985ರ ನಂತರ ಮೊದಲ ಸಲ ಮತ್ತೆ ಸೇರಿತ್ತು. ಫಲಿತಾಂಶ ಬಂದಾಗ ಎರಡೂ ದೇಶಗಳ ಅರ್ಥವ್ಯವಸ್ಥೆಯ ಗಾತ್ರ ಹಿಂದಿನ ಅಂದಾಜಿಗಿಂತ ಸುಮಾರು ಶೇ 40ರಷ್ಟು ಕುಗ್ಗಿತ್ತು. ಒಂದು ಕಾರ್ಖಾನೆ ಮುಚ್ಚಿರಲಿಲ್ಲ, ಒಂದು ಹೊಲ ಒಣಗಿರಲಿಲ್ಲ. 2011ರ ಸುತ್ತು ಬಂದಾಗ ಅದರ ಬಹುಪಾಲು ಮತ್ತೆ ಮರಳಿತು. 2017ರಲ್ಲಿ ಪೇಟೆಯಲ್ಲಿ ಡಾಲರಿಗೆ 65.12 ರೂಪಾಯಿ ಇದ್ದಾಗ ಪಿಪಿಪಿ ದರ 20.65 ರೂಪಾಯಿ. ಮೂರು ಪಟ್ಟಿಗೂ ಮಿಕ್ಕಿದ ಅಂತರ. ಇದರಿಂದಾಗಿಯೇ ಆ ವರ್ಷ ಪೇಟೆಯ ದರದಲ್ಲಿ ಅಮೆರಿಕದವನ ತಲಾದಾಯ ನಮ್ಮವನದರ ಸುಮಾರು ಮೂವತ್ತು ಪಟ್ಟು, ಪಿಪಿಪಿಯಲ್ಲಿ ಸುಮಾರು ಹತ್ತು ಪಟ್ಟು ಇತ್ತು. ಭಾರತ ಮೂರನೇ ದೊಡ್ಡ ಅರ್ಥವ್ಯವಸ್ಥೆ ಎಂದು ಭಾಷಣದಲ್ಲಿ ಕೇಳಿದಾಗ ಯಾವ ಡಾಲರಿನಲ್ಲಿ ಎಂದು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು. ಪಿಪಿಪಿಯಲ್ಲಿ 2017ರಲ್ಲೇ ಮೂರನೆಯದಾಗಿತ್ತು.

ಈಗ ಶೀರ್ಷಿಕೆಯ ಪ್ರಶ್ನೆ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಟಿವಿ ಚರ್ಚೆಗಳಲ್ಲಿ ಇದನ್ನು ಪೇಟೆಯ ದರದಿಂದ ಗುಣಿಸಿ, ‘ದಿನಕ್ಕೆ ಇನ್ನೂರೈವತ್ತು ರೂಪಾಯಿ’ ಎನ್ನುವವರು ಇದ್ದಾರೆ. ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ ಮೂವತ್ತು ಸಾವಿರವಾಯಿತು, ಅದೆಂಥ ಬಡತನ ಎಂಬ ವ್ಯಂಗ್ಯ ಬೇರೆ. ಆ ಮೂರು ಡಾಲರ್ 2021ರ ಪಿಪಿಪಿ ಡಾಲರ್. ರೂಪಾಯಿಯಲ್ಲಿ, ಆ ವರ್ಷದ ಬೆಲೆಯಲ್ಲಿ, ಅರುವತ್ತರ ಆಸುಪಾಸು. ಊಟ, ಬಟ್ಟೆ, ಬಾಡಿಗೆ, ಬಸ್ ಚಾರ್ಜು, ಮಾತ್ರೆ ಎಲ್ಲ ಅದರಲ್ಲೇ. ಈ ಹೊಸ ರೇಖೆಯಿಂದ ಜಗತ್ತಿನ ಕಡುಬಡವರ ಸಂಖ್ಯೆ ರಾತ್ರೋರಾತ್ರಿ ಹನ್ನೆರಡೂವರೆ ಕೋಟಿಯಷ್ಟು ಹೆಚ್ಚಿತು. ಭಾರತದಲ್ಲಿ 2022-23ಕ್ಕೆ ಶೇ 5.3 ಮಂದಿ ರೇಖೆಯ ಕೆಳಗೆ, ಹಳೆಯ ರೇಖೆಯಲ್ಲಿ ಶೇ 2.3.

ಬೆಲೆಯ ಗೊಂದಲ ಒಂದು ಕಡೆ. ಅಳೆಯುತ್ತಿರುವ ವಸ್ತುವೇ ಬೇರೆಯಾಗಿಬಿಟ್ಟರೆ? ಐರ್ಲೆಂಡ್ 2016ರ ಜುಲೈನಲ್ಲಿ ತನ್ನ ಹಿಂದಿನ ವರ್ಷದ ಜಿಡಿಪಿ ಬೆಳವಣಿಗೆ ಶೇ 26.3 ಎಂದು ಘೋಷಿಸಿತು. ಜನ ನಕ್ಕರು. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ಇದಕ್ಕೆ ಐರಿಷ್ ಜಾನಪದದ ಕುಳ್ಳ ಮಾಯಾವಿಯ ಹೆಸರು ಸೇರಿಸಿ ‘ಲೆಪ್ರಕಾನ್ ಅರ್ಥಶಾಸ್ತ್ರ’ ಎಂದರು. ನಡೆದದ್ದಿಷ್ಟು: ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು, ಸಾಫ್ಟ್‌ವೇರ್ ಹಕ್ಕುಗಳನ್ನು ತೆರಿಗೆ ಕಡಿಮೆಯಿರುವ ಐರ್ಲೆಂಡಿನ ಖಾತೆಗೆ ವರ್ಗಾಯಿಸಿದವು. ಜಗತ್ತಿನಲ್ಲೆಲ್ಲ ಬಂದ ಲಾಭ ಅಲ್ಲಿನ ಉತ್ಪನ್ನವಾಗಿ ದಾಖಲಾಯಿತು. ಕಾಗದ ಪತ್ರ ಬಿಟ್ಟು ಒಂದು ಸೂಜಿಯೂ ಹಡಗಿನಿಂದ ಇಳಿದಿರಲಿಲ್ಲ. ಕೊನೆಗೆ ಐರ್ಲೆಂಡಿನ ಅಂಕಿಅಂಶ ಕಚೇರಿಯೇ ಈ ಗಾಳಿಯನ್ನೆಲ್ಲ ತೆಗೆದುಹಾಕಿದ ಬೇರೊಂದು ಅಳತೆಯನ್ನು 2017ರಿಂದ ಪ್ರಕಟಿಸತೊಡಗಿತು. 2022ರಲ್ಲಿ ಅಲ್ಲಿನ ತಲಾ ಜಿಡಿಪಿ ಯೂರೋಪಿಯನ್ ಒಕ್ಕೂಟದ ಸರಾಸರಿಯ ಎರಡು ಪಟ್ಟು ಮೀರಿತ್ತು, ಮನೆಮಂದಿ ನಿಜವಾಗಿ ಬಳಸಿದ ಸರಕು ಸೇವೆಗಳ ಪ್ರಮಾಣ ಮಾತ್ರ ಸರಾಸರಿಗಿಂತ ಕೆಳಗೆ. ಕೆಲಸಕ್ಕೆಂದು ಡಬ್ಲಿನ್ನಿಗೆ ಹೋಗಿ ಬಾಡಿಗೆ ಮನೆ ಹುಡುಕಿದ ನಮ್ಮ ಹುಡುಗರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ನೈಜೀರಿಯದ ಕಥೆ ಇದರ ತಿರುವುಮುರುವು. 1990ರ ಆಧಾರ ವರ್ಷವನ್ನೇ ಎಳೆದುಕೊಂಡು ಬಂದಿದ್ದ ಆ ದೇಶ 2014ರಲ್ಲಿ ಲೆಕ್ಕ ನವೀಕರಿಸಿ ಮೊಬೈಲ್ ಸೇವೆ, ಸಿನಿಮಾ ಉದ್ಯಮಗಳನ್ನೆಲ್ಲ ಸರಿಯಾಗಿ ಎಣಿಸಿತು. ಜಿಡಿಪಿ ಶೇ 89 ಹಿಗ್ಗಿ, ದಕ್ಷಿಣ ಆಫ್ರಿಕವನ್ನು ಹಿಂದಿಕ್ಕಿತು. ಇಲ್ಲಿ ಉತ್ಪನ್ನ ನಿಜಕ್ಕೂ ಇತ್ತು, ನೋಡುವವರಿರಲಿಲ್ಲ.

ಆದಾಯವನ್ನು ಎಷ್ಟೇ ಚೆನ್ನಾಗಿ ಅಳೆದರೂ ಅದು ಬದುಕಿನ ಮಟ್ಟವಲ್ಲ ಎಂಬ ಹಳೆಯ ತಕರಾರಿಗೆ ಒಂದು ಸೊಗಸಾದ ಉತ್ತರ ಕೊಟ್ಟವರು ಅರ್ಥಶಾಸ್ತ್ರಜ್ಞರಾದ ಚಾರ್ಲ್ಸ್ ಜೋನ್ಸ್ ಮತ್ತು ಪೀಟರ್ ಕ್ಲೆನೊ. ಆಯಸ್ಸು, ಬಿಡುವು, ಬಳಕೆ, ಅಸಮಾನತೆ ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕುವ ವಿಧಾನ ಅವರದು. 2005ರಲ್ಲಿ ಫ್ರಾನ್ಸಿನ ತಲಾ ಆದಾಯ ಅಮೆರಿಕದ ಮೂರನೇ ಎರಡರಷ್ಟಿತ್ತು. ಫ್ರೆಂಚರು ಹೆಚ್ಚು ಕಾಲ ಬದುಕುತ್ತಾರೆ, ಕಡಿಮೆ ಗಂಟೆ ದುಡಿಯುತ್ತಾರೆ, ಅವರಲ್ಲಿ ಏರುಪೇರು ಕಡಿಮೆ. ಇದನ್ನೆಲ್ಲ ಸೇರಿಸಿದಾಗ ಅವರ ಮಟ್ಟ ಅಮೆರಿಕದ ಶೇ 92ಕ್ಕೆ ಏರಿತು.

ಇದಕ್ಕಿಂತ ಒರಟಾದ, ಆದರೆ ಹೆಚ್ಚು ಸದ್ದು ಮಾಡಿದ ಅಳತೆ 1990ರ ಮಾನವ ಅಭಿವೃದ್ಧಿ ಸೂಚ್ಯಂಕ. ಪಾಕಿಸ್ತಾನದ ಮೆಹಬೂಬ್ ಉಲ್ ಹಕ್ ತಮ್ಮ ಕೇಂಬ್ರಿಜ್ ಗೆಳೆಯ ಅಮರ್ತ್ಯ ಸೇನ್ ಅವರನ್ನು ಇದಕ್ಕೆ ಎಳೆದರು. ಬದುಕನ್ನು ಒಂದೇ ಅಂಕಿಗೆ ಇಳಿಸುವುದಕ್ಕೆ ಸೇನ್ ಮೊದಲು ಒಪ್ಪಲಿಲ್ಲ. ಜಿಡಿಪಿಯಷ್ಟೇ ಒರಟಾದ ಇನ್ನೊಂದು ಅಂಕಿಯಿಲ್ಲದೆ ಜಿಡಿಪಿಯ ಮೋಹ ಬಿಡಿಸಲಾಗದು ಎಂಬುದು ಹಕ್ ಅವರ ವಾದ. ಹಕ್ ಗೆದ್ದರು, ಗೆದ್ದದ್ದು ಒಳ್ಳೆಯದೇ ಆಯಿತು ಎಂದು ನನ್ನ ಭಾವನೆ. ಆಯಸ್ಸು, ಶಿಕ್ಷಣ, ಆದಾಯ ಮೂರೇ ಅಂಶ. ಆದಾಯವನ್ನು ಲಾಗರಿದಮ್ಮಿನಲ್ಲಿ ಅಳೆಯುತ್ತಾರೆ, ಹಾಗಾಗಿ ಬಡವನ ಕೈಸೇರಿದ ಸಾವಿರ ರೂಪಾಯಿಗೆ ಸಿರಿವಂತನ ಸಾವಿರಕ್ಕಿಂತ ತೂಕ ಹೆಚ್ಚು. ತಲಾ 75,000 ಡಾಲರ್ ದಾಟಿದ ಮೇಲೆ ಬರುವ ಹಣಕ್ಕೆ ಅಂಕವೇ ಇಲ್ಲ. 2010ರವರೆಗೆ ಮೂರು ಅಂಕಗಳ ಸಾಮಾನ್ಯ ಸರಾಸರಿ ತೆಗೆಯುತ್ತಿದ್ದರು, ಆಮೇಲೆ ಗುಣೋತ್ತರ ಸರಾಸರಿ. ಒಂದರಲ್ಲಿ ಸೋತು ಇನ್ನೊಂದರಲ್ಲಿ ಗೆದ್ದು ಸರಿದೂಗಿಸುವುದು ಇದರಿಂದ ಕಷ್ಟವಾಯಿತು. 2023ರ ಅಂಕಿಗಳಲ್ಲಿ ಭಾರತಕ್ಕೆ 193 ದೇಶಗಳಲ್ಲಿ 130ನೇ ಸ್ಥಾನ. ಪತ್ರಿಕೆಗಳಿಗೆ ಪ್ರಿಯವಾದ ಈ ಸ್ಥಾನದ ಸಂಖ್ಯೆಯನ್ನು ನಾನು ಓದುವುದೇ ಇಲ್ಲ. ಪಕ್ಕದ ದೇಶ ಒಂದಿಷ್ಟು ಜಾರಿದರೂ ನಾವು ಮೇಲೇರಿದ ಹಾಗೆ ಕಾಣುತ್ತದೆ.

ಸೂಚ್ಯಂಕದ ಒಳಗಿನ ಬಿಡಿ ಅಂಕಿಗಳು ಹೆಚ್ಚು ಮಾತಾಡುತ್ತವೆ. ಮಧ್ಯ ಅಮೆರಿಕದ ಕೋಸ್ಟರಿಕಾ ನೋಡಿ. 1948ರಲ್ಲಿ ಸೈನ್ಯವನ್ನೇ ರದ್ದುಮಾಡಿದ ಪುಟ್ಟ ದೇಶ. ತಲಾದಾಯ ಪಿಪಿಪಿಯಲ್ಲೂ ಅಮೆರಿಕದ ಮೂರನೇ ಒಂದರ ಆಸುಪಾಸು. ನಿರೀಕ್ಷಿತ ಆಯಸ್ಸು ಮಾತ್ರ ಎಂಬತ್ತರ ಹತ್ತಿರ, ಅಮೆರಿಕಕ್ಕಿಂತ ಹೆಚ್ಚು. 1990ರ ದಶಕದ ನಡುವಿನಿಂದ ಅಲ್ಲಿ ಸುಮಾರು ನಾಲ್ಕು ಸಾವಿರ ಜನರಿಗೊಂದರಂತೆ ಆರೋಗ್ಯ ತಂಡಗಳಿವೆ. ಒಬ್ಬ ಡಾಕ್ಟರು, ಒಬ್ಬ ನರ್ಸು, ದಾಖಲೆ ನೋಡಿಕೊಳ್ಳುವವರು, ಜೊತೆಗೆ ಮನೆಮನೆಗೆ ಹೋಗುವ ಒಬ್ಬ ಕಾರ್ಯಕರ್ತ. ಕಾಯಿಲೆ ಇರಲಿ ಬಿಡಲಿ ಅವನು ಬಾಗಿಲು ತಟ್ಟುತ್ತಾನೆ, ರಕ್ತದೊತ್ತಡ ನೋಡುತ್ತಾನೆ, ಯಾವ ಲಸಿಕೆ ಬಾಕಿ ಎಂದು ಬರೆದುಕೊಳ್ಳುತ್ತಾನೆ. ಜಿಡಿಪಿಯಲ್ಲಿ ಈ ಭೇಟಿಯ ಬೆಲೆ ಅವನ ಸಂಬಳದ ಒಂದು ತುಣುಕು ಮಾತ್ರ. ಅದೇ ಒತ್ತಡ ಗೊತ್ತಾಗದೆ ಬೆಳೆದು ಲಕ್ವ ಹೊಡೆದು, ಐಸಿಯುನಲ್ಲಿ ಹತ್ತು ದಿನ ಮಲಗಿದರೆ ಜಿಡಿಪಿಗೆ ಭರ್ಜರಿ ಕೊಡುಗೆ.

ಕೂಲಿಯೇ ಇಲ್ಲದ ಕೆಲಸ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಟ್ಟಿದ್ದು ಕಂಡುಬಂತು. ನಮ್ಮ ಮೇಲಿನ ಕಾಲ್ಪನಿಕ ಲೆಕ್ಕದಲ್ಲೂ, ನೋಡಿ, ಕೊಂಡ ಗಂಟೆಗಳಷ್ಟೇ ಇದ್ದವು. ಹಾಗೆ ನೋಡಿದರೆ ಪರದೇಶದಲ್ಲಿ ತಾನೇ ಪಾತ್ರೆ ತೊಳೆಯುವ ಸೋದರಳಿಯನ ಸಂಸಾರ ತನ್ನ ನಿಜವಾದ ದುಡಿಮೆಯ ಒಂದು ಭಾಗವನ್ನು ಎರಡೂ ದೇಶಗಳ ಖಾತೆಯಿಂದ ಹೊರಗಿಟ್ಟಿದೆ.

ದೇಶಗಳ ನಡುವೆ ಎಂದುಕೊಂಡು ಶುರುವಾದ ಈ ಅಳತೆಯ ತೊಡಕು ನಮ್ಮ ತಾಲ್ಲೂಕುಗಳ ನಡುವೆಯೂ ಇದೆ, ಅಲ್ಲಿ ಹಣ ಹಂಚಿಕೆಯೂ ಇದರ ಮೇಲೆ ನಿಂತಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆ ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ದೇವದುರ್ಗದಂಥವು. ಈ ಪಟ್ಟಿಯನ್ನು ಆಧರಿಸಿ 2007-08ರಿಂದ ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ರೂಪುಗೊಂಡಿತು. ಸೂಚಕಗಳಲ್ಲಿ ಲಕ್ಷ ಜನರಿಗೆ ಎಷ್ಟು ಬ್ಯಾಂಕ್ ಶಾಖೆ ಎಂಬುದಿತ್ತು, ಎಷ್ಟು ಅಂಚೆ ಕಚೇರಿ ಎಂಬುದಿತ್ತು, ಎಷ್ಟು ಟೆಲಿಫೋನ್ ಎಂಬುದೂ ಇತ್ತು. ಸಮಿತಿ ಕುಳಿತಾಗ ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಅದು ಅನುಕೂಲಸ್ಥರ ಗುರುತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕುರಿ ಕಾಯುವವರ ಜೇಬಿನಲ್ಲೂ ಫೋನು ಬಂತು, ಆ ಸೂಚಕ ತಾಲ್ಲೂಕಿನ ಬಗ್ಗೆ ಏನೂ ಹೇಳದಂತಾಯಿತು. ಅಷ್ಟರಲ್ಲಿ ತಾಲ್ಲೂಕುಗಳೂ ಒಡೆದು ಇನ್ನೂರ ಮೂವತ್ತು ದಾಟಿದವು. ತಾಯಿ ತಾಲ್ಲೂಕಿಗೆ 2002ರಲ್ಲಿ ಬಿದ್ದ ಅಂಕ ಅಂದು ಹುಟ್ಟಿರದ ಹೊಸ ತಾಲ್ಲೂಕಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಕಡತಗಳಲ್ಲಿ ಓಡಾಡತೊಡಗಿತು.